ಕ್ವಾರಿ ಗುಂಡಿಗೆ ಅತ್ತೆ ಅಡ್ಡ, ಸೊಸೆ ಉದ್ದ

ಗೆಳೆಯರೇ, ಬೆಳಿಗ್ಗೆಯಿಂದ ತಲೆ ಕೆಟ್ಟುಹೋಗಿದೆ. ಕೈಲಾಂಚದ ಹತ್ತಿರ ನಿಂತುಹೋದ ಕಲ್ಲು ಕ್ವಾರಿಯ ಗುಂಡಿಗಳನ್ನು ಮುಚ್ಚಿಸಿ ಗಿಡ ನೆಡಿಸುವುದು ನನ್ನ ಕೆಲಸ. ಇವತ್ತು ಮಣ್ಣು ತುಂಬಿದ ಟಿಪ್ಪರ್ ದೊಡ್ಡ ಗುಂಡಿಯತ್ತ ರಿವರ್ಸ್ ಬರುತ್ತಿದ್ದಾಗ, ಅಲ್ಲೇ ಹತ್ತಿರದಲ್ಲಿ ಹಸು ಸಾಕಿಕೊಂಡಿರುವ ಗೌರಮ್ಮ ಅಡ್ಡ ಬಂದು ನಿಂತರು. ಅವರ ಹಸು ಅದೇ ಗುಂಡಿಯ ನೀರಿಗೆ ಬಿದ್ದು ಸತ್ತಿತ್ತು. ಮುಚ್ಚಿಸಿ ಎಂದು ಹೋದ ವರ್ಷ ನನ್ನ ಬೆನ್ನು ಬಿದ್ದವರೂ ಅವರೇ.

"ನೀವೇ ಅಲ್ವೇನಮ್ಮ ಮುಚ್ಚಿ ಅಂದಿದ್ದು?"

"ಅಂದಿದ್ದೆ ಕಣಪ್ಪ. ಈಗ ಬೋರು ಬತ್ತೋಗೈತೆ. ಉಳಿದಿರೋ ಹಸಗಳಿಗೆ ಈ ನೀರು ಬುಟ್ರೆ ಇನ್ನೇನೈತೆ?"

ಅಷ್ಟರಲ್ಲಿ ಅವರ ಸೊಸೆ ಸವಿತಾ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಓಡಿಬಂದರು. "ಅತ್ತೆ ಮಾತು ಕೇಳ್ಬೇಡಿ ಸಾರ್, ಮುಚ್ಚಿಸ್ಬುಡಿ! ಮಗ ನಡೆಯಕ್ಕೆ ಶುರು ಮಾಡವ್ನೆ. ನಂಗೆ ಭಯ ಆಯ್ತದೆ."

ನನಗೆ ಇಬ್ಬರ ಮಾತೂ ಸರಿ ಅನ್ನಿಸಿತು. ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. ಕೊನೆಗೆ ಪಕ್ಕದ ಬರಿಬಂಡೆಯ ಮೇಲೆ ಮಣ್ಣು ಸುರಿಸಿ, ಅದರಲ್ಲೇ ಹೊಂಗೆ ಸಸಿ ನೆಡಿಸಿದೆ. ಸಸಿಗೆ ನೀರು ಬೇಕಲ್ಲ? ಸವಿತಾ ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಕೊಡ ಹಿಡಿದು ಗುಂಡಿಗೆ ಇಳಿದರು.

ಮೇಲಿಂದ ಗೌರಮ್ಮ ಕೂಗಿದರು: "ಅಮ್ಮೀ, ಆ ಕಡೆ ಇಳೀಬೇಡ, ಜಾರ್ತದೆ! ಈ ಹಾಳು ಗುಂಡಿ ಯಾವತ್ತು ಮುಚ್ತಾರೋ!"

ಸವಿತಾ ಕೊಡ ತುಂಬಿಕೊಂಡು ಹತ್ತಿಬಂದರು. "ಮುಚ್ಬುಟ್ರೆ ಈ ಗಿಡಗಳಿಗೆ ಯಾರು ನೀರು ಕೊಡ್ತಾರೆ ಸಾರ್?"

ನಾಳೆ ಟಿಪ್ಪರ್ ಬೇಡ ಎಂದಿದ್ದೇನೆ. ಅತ್ತೆ ಸೊಸೆ ರಾತ್ರಿ ಕೂತು ಮಾತಾಡಿಕೊಳ್ಳುತ್ತಾರಂತೆ. ಇಬ್ಬರೂ ಮತ್ತೆ ಒಟ್ಟಿಗೇ ಮನಸ್ಸು ಬದಲಿಸದಿದ್ದರೆ ಸಾಕು.