ಕಲ್ಲೇಶ ಮೀನನ್ನು ಮೆಲ್ಲಗೆ ಎಳೆದದ್ದು

ಭೂಮಿಯ ದಕ್ಷಿಣ ತುದಿಯ ಹಾರ್ನ್‌ಬಿ ಊರಿನ ದೊಡ್ಡ ಗೋದಾಮೊಂದರಲ್ಲಿ ಸೂಪರ್‌ವೈಸರ್ ಆಗಿರುವ ಕಲ್ಲೇಶನಿಗೆ ಒಂದು ಕಡೆ ಕೂತು ಗೊತ್ತೇ ಇಲ್ಲ. ಊಟದ ಬಿಡುವಿನಲ್ಲೂ ರೊಟ್ಟಿಗೆ ಪಲ್ಯ ಸುತ್ತಿಕೊಂಡು ಟ್ರಕ್ಕುಗಳ ನಡುವೆ ಅಡ್ಡಾಡುತ್ತಾನೆ. ಮನೆಯಲ್ಲಿ ಊಟಕ್ಕೆ ಕೂತರೆ ಮೇಜಿನ ಕೆಳಗೆ ಕಾಲು ಕುಣಿಯುತ್ತಿರುತ್ತದೆ. “ಕಾಲ ಅಲುಗಾಡಸಬ್ಯಾಡ್ರಿ, ಸಾರು ಚೆಲ್ಲತದ” ಎಂದು ಹೆಂಡತಿ ವಚನಾ ದಿನಾ ಬೈಯುತ್ತಾಳೆ.

ಇಂಥವನಿಗೆ ಹಿಡಿದ ಹುಚ್ಚಾದರೂ ಎಂಥದ್ದು? ಬ್ಲೂಫಿನ್ ಟ್ಯೂನಾ ಎಂಬ ದೈತ್ಯ ಮೀನನ್ನು ಹಿಡಿಯುವುದು! ಬಾಗಲಕೋಟೆಯ ಲಿಂಗಾಯತರ ಮನೆಯವನು, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವನು. ಚಳಿಗಾಲದ ಕೊನೆಗೆ ಗ್ರೇಮೌತ್ ಆಚೆಯ ಕಡಲಲ್ಲಿ ದೊಡ್ಡ ಬಲೆಯ ಹಡಗುಗಳ ಹಿಂದೆ ಈ ಮೀನು ಬರುತ್ತದೆ, ಬಲೆಯಿಂದ ಜಾರಿದ್ದನ್ನು ತಿನ್ನಲು. ಕಾರವಾರದ ಗೆಳೆಯ ಗುರುದತ್ ತನ್ನ ಯೂಟಿಗೆ, ಅಂದರೆ ಪಿಕಪ್ ಗಾಡಿಗೆ, ಬೋಟು ಕಟ್ಟಿಕೊಂಡು, ಬೆಟ್ಟ ದಾಟಿ, ಒಮ್ಮೆ ಅವನನ್ನು ಅಲ್ಲಿಗೆ ಕರೆದೊಯ್ದಿದ್ದ. ಆಳಿಗಿಂತ ಉದ್ದದ ಮೀನೊಂದು ನೀರು ಸೀಳಿ ಎದ್ದದ್ದನ್ನು ಕಂಡ ದಿನವೇ ಕಲ್ಲೇಶನ ತಲೆ ಕೆಟ್ಟಿತು.

“ಕೊರಳಾಗ ಲಿಂಗ ಕಟಗೊಂಡು ಜೀವ ತೆಗೀತೀರೇನು?” ಎಂದಳು ವಚನಾ.

“ತೆಗ್ಯಾಂಗಿಲ್ಲ. ಹಿಡದು ಬಿಡತೀನಿ. ಒಂದ ಮೀನ ನನ್ನ ಕೈಯಾಗ ಸತ್ರ, ಅವತ್ತಿಗೇ ಗಾಳ ಬಂದ್.”

ಮೂರು ಚಳಿಗಾಲ ಹೋಗಿ ಬಂದ. ಒಂದೂ ಸಿಗಲಿಲ್ಲ. ಏನೂ ಸಿಗದವನಿಗೆ ಮಾತು ಉಳಿಸಿಕೊಳ್ಳುವುದು ಏನು ಮಹಾ ಕೆಲಸ?

ಅಲ್ಲಿ ಚಳಿಗಾಲ ಮುಗಿಯುವ ಹೊತ್ತು, ಈ ಸೆಪ್ಟೆಂಬರಿನಲ್ಲಿ, ಸಿಕ್ಕಿತು. ರೀಲು ಕಿರುಚುತ್ತ ದಾರ ಓಡಿತು. ಸೊಂಟಕ್ಕೆ ಪಟ್ಟಿ ಬಿಗಿದು ನಿಂತ ಕಲ್ಲೇಶ ಹಲ್ಲು ಕಿರಿದು ನಗುತ್ತಿದ್ದ. ಅಂಥ ಖುಷಿಯನ್ನು ಅವನು ತನ್ನ ಮದುವೆಯಲ್ಲೂ ಕಂಡಿರಲಿಲ್ಲ, ಪಾಪ, ವಚನಾಗೆ ಇದನ್ನು ಹೇಳುವಂತಿಲ್ಲ.

“ರೀಲು ಬಿಗಿ ಮಾಡು ಮಾರಾಯಾ” ಎಂದ ಗುರುದತ್.

“ಬಿಗಿ ಮಾಡಿದ್ರ ಬಾಯಿ ಹರೀತದಲೇ. ಮೆಲ್ಲಕ ಎಳೀತೀನಿ.”

ಕರುವಿನ ಹಗ್ಗ ಹಿಡಿದಂತೆ ಹಿಡಿದಿದ್ದ. ಮೀನು ಓಡಿದಷ್ಟೂ ಬಿಟ್ಟ, ನಿಂತಾಗ ಚೂರು ಸುತ್ತಿದ, ಮತ್ತೆ ಬಿಟ್ಟ. ಗುರುದತ್ ಎರಡು ಸಲ ಗದರಿ, ಮೂರನೆಯ ಸಲಕ್ಕೆ ತಲೆ ಚಚ್ಚಿಕೊಂಡ. ಸೂರ್ಯ ನೆತ್ತಿ ದಾಟಿದ. ಕೊನೆಗೆ ಮೀನು ಬೋಟಿನ ಪಕ್ಕಕ್ಕೆ ಬಂದಾಗ ಮಗ್ಗುಲಾಗಿ ತೇಲುತ್ತಿತ್ತು. ಬಾಯಿ ಎಲ್ಲೂ ಹರಿದಿರಲಿಲ್ಲ.

ಕಿವಿರಿಗೆ ನೀರು ನುಗ್ಗಲೆಂದು ಬೋಟನ್ನು ನಿಧಾನಕ್ಕೆ ನಡೆಸಿದರು. ಕಲ್ಲೇಶ ಬಗ್ಗಿ ಅದರ ದವಡೆ ಹಿಡಿದುಕೊಂಡಿದ್ದ, ಕೈ ಮರಗಟ್ಟಿತ್ತು. ಮೀನು ಏಳಲಿಲ್ಲ.

“ಅಷ್ಟೊತ್ತು ಓಡಿಸಿದ್ರೆ ಅದರ ಮೈ ಒಳಗೇ ಕಾದು ಬೇಯ್ತದೆ. ಬೇಗ ಎಳೆದಿದ್ರೆ ಬದುಕ್ತಿತ್ತು” ಎಂದ ಗುರುದತ್. ಆಮೇಲೆ ಗೆಳೆಯನ ಮುಖ ನೋಡಿ ದನಿ ಇಳಿಸಿದ. “ಕೈ ಬಿಡು, ಮುಳುಗ್ತದೆ. ಈಜಿಕೊಂಡು ಹೋಯ್ತು ಅಂತ ಮನೇಲಿ ಹೇಳು. ನಾನೂ ಹಾಗೇ ಹೇಳ್ತೇನೆ.”

ಕಲ್ಲೇಶನಿಗೆ ಆಸೆಯಾಯಿತು. ಬಹಳ ಆಸೆಯಾಯಿತು. ಮುಂದಿನ ಚಳಿಗಾಲ, ಅದರ ಮುಂದಿನದು, ಎಲ್ಲವೂ ಆ ಒಂದು ಸುಳ್ಳಿನಲ್ಲಿದ್ದವು. ಕೈ ಸಡಿಲಾಗುತ್ತಿತ್ತು. ಆಮೇಲೆ ಏನನ್ನಿಸಿತೋ, “ಮ್ಯಾಲೆ ಎತ್ತಲೇ. ಕೊಂದದ್ದನ್ನ ಚೆಲ್ಲೂದು ಬ್ಯಾಡ, ನೀವಾದರೂ ತಿನ್ರಿ” ಎಂದ.

ದಡದಲ್ಲಿ ಗುರುದತ್ ಮೀನು ಕೊಯ್ದು ನಾಲ್ಕಾರು ಮನೆಗೆ ಹಂಚಿದ. ಕಲ್ಲೇಶ ಯೂಟಿನ ಸುತ್ತ ಸುತ್ತುತ್ತಲೇ ಇದ್ದ. ಹೊರಡುವಾಗ ತನ್ನ ಗಾಳದ ಕೋಲನ್ನು ಬೋಟಿನಲ್ಲೇ ಇಟ್ಟು ಬಂದ.

ವಚನಾ ಬಾಗಿಲು ತೆಗೆದಳು. “ಸಿಕ್ತೇನ್ರಿ?”

“ಸಿಕ್ತು. ಸತ್ತೋತು.” ಬೂಟು ಬಿಚ್ಚಲು ಬಗ್ಗಿದವನು ಬಗ್ಗಿಕೊಂಡೇ ಹೇಳಿದ. “ನೋವಾಗಬಾರದಂತ ಮೆಲ್ಲಕ ಎಳದೆ. ಅದಕ್ಕ ಸತ್ತೋತು.”

ಅವಳು ಊಟಕ್ಕೆ ಬಡಿಸಿದಳು. ಕಲ್ಲೇಶ ಕೂತ. ಮೇಜಿನ ಕೆಳಗೆ ಕಾಲು ಶುರುವಾಯಿತು, ಎಂದಿಗಿಂತ ಜೋರಾಗಿ. ಬಟ್ಟಲಿನ ಸಾರು ತುಳುಕಿ ಮೇಜಿನ ಮೇಲೆ ಹರಿಯಿತು. ಅವತ್ತು ವಚನಾ ಬೈಯಲಿಲ್ಲ.