ಎತ್ತಬಾರದ ಫೋನು

ಗಡಿ ದಾಟಿದ ಕೂಡಲೇ ಮಾತಿಗೆ ಬೇರೆ ರೇಟು ಹಾಕುವ ಫೋನ್ ಕಂಪನಿಯವರ ಮೇಲೆ ಚಿತ್ತವಾಡ್ಗಿಯ ಗಾಳೆಪ್ಪನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಈಗ ಅವನು ಹೊಸಪೇಟೆ ಸ್ಟೇಷನ್ನಿನಿಂದ ಹಂಪಿಗೆ ಪ್ರವಾಸಿಗಳ ಟೆಂಪೊ ಓಡಿಸುತ್ತಾನೆ. ಹಿಂದಿನ ಸೀಟಿನಲ್ಲಿ ಯಾರೋ ಪರದೇಶದವಳು ತನ್ನ ಊರಿನವರ ಜೊತೆ ನಗುನಗುತ್ತ ಮಾತಾಡುತ್ತಿರುತ್ತಾಳೆ. ಯಾವ ದೇಶಕ್ಕೆ ಹೋದರೂ ಒಂದೇ ಸಿಮ್ಮು, ಒಂದೇ ರೇಟು, ರೋಮಿಂಗ್ ಅನ್ನುವುದೇ ಇಲ್ಲ ಎಂದು ಅವಳ ಗೈಡು ಹೇಳಿದರೆ ಸಾಕು, ಗಾಳೆಪ್ಪ ಗೇರು ಹಾಕುವ ರಭಸಕ್ಕೆ ಗಾಡಿ ಅದುರುತ್ತದೆ.

"ಈಗ ಕೊಡಾಕತ್ಯಾರ, ಈಗ," ಎನ್ನುತ್ತಾನೆ. ಯಾಕೆಂದು ಗೈಡು ಕೇಳುವುದಿಲ್ಲ. ಆ ಮುಖ ನೋಡಿ ಕೇಳುವ ಧೈರ್ಯ ಯಾರಿಗೂ ಬರುವುದಿಲ್ಲ.

ಗಾಳೆಪ್ಪ ಮೊದಲು ಸಂಡೂರಿನ ಗಣಿಗಳಿಂದ ಅದಿರು ಹೊರುವ ಲಾರಿಯ ಡ್ರೈವರ್. ಕೆಂಧೂಳಿನಲ್ಲಿ ಎದುರಿನ ಗಾಡಿ ಕಾಣದ ರಸ್ತೆ ಅದು. ಅವನ ತಾಯಿ ಮುದುಕಮ್ಮ ಆಗಿನಿಂದ ಒಂದು ನೇಮ ಹಿಡಿದಿದ್ದಳು. ಮಗನ ಲಾರಿ ಘಾಟಿ ಇಳಿಯಿತು ಎಂದು ತಿಳಿಯುವ ತನಕ ತುತ್ತು ಮುಟ್ಟುತ್ತಿರಲಿಲ್ಲ. ಸೊಸೆ ಹುಸೇನಮ್ಮ ಟಿ.ಬಿ. ಡ್ಯಾಮಿನ ಹತ್ತಿರ ಮೀನು ಕರಿದು ಮಾರಿ ದಣಿದು ಬಂದರೂ, ಅತ್ತೆ ಉಣ್ಣದೆ ತಾನು ಉಣ್ಣುವಂತಿರಲಿಲ್ಲ.

"ನಿನ್ನ ಮಗ ಘಾಟ್‌ನಾಗ ಚಾ ಕುಡಕಂತ ಕುಂತಿರ್ತಾನ, ನಾವಿಲ್ಲಿ ಉಪಾಸ," ಎಂದು ಅವಳು ಗೊಣಗಿದರೆ, "ಕುಂತಿರ್ಲಿ ಬಿಡವ, ಕುಂತಾಂವ ಬೀಳಂಗಿಲ್ಲ," ಎನ್ನುತ್ತಿದ್ದಳು ಮುದುಕಮ್ಮ.

ಗಣಿಗಳು ನಿಂತವು. ಲಾರಿಗಳು ರಸ್ತೆ ಬದಿಯಲ್ಲಿ ತುಕ್ಕು ಹಿಡಿದವು. ಗಾಳೆಪ್ಪ ದುಬೈಗೆ ಹೋಗಿ ದೊಡ್ಡ ಟ್ರೇಲರ್ ಹಿಡಿದ. ಇವತ್ತು ಒಮಾನ್, ನಾಡಿದ್ದು ಸೌದಿ. ಮರಳಿನ ನಡುವೆ ಒಂದು ಗೇಟು. ಗೇಟಿನ ಆಚೆಗೂ ಅದೇ ಮರಳು, ಅದೇ ಬಿಸಿಲು. ಫೋನಿನ ರೇಟು ಮಾತ್ರ ಬೇರೆ. ಮಾಡಿದರೂ ಕಾಸು, ಬಂದದ್ದನ್ನು ಎತ್ತಿದರೂ ಕಾಸು.

ಅದಕ್ಕೇ ಹೊರಡುವಾಗ ತಾಯಿಗೆ ಒಂದು ಸಣ್ಣ ಫೋನು ಕೊಡಿಸಿ ಹೇಳಿದ್ದ: "ಗಡಿ ದಾಟಿದ ಮ್ಯಾಲೆ ರಿಂಗ್ ಕೊಡ್ತೀನಿ. ಎತ್ತಬ್ಯಾಡ. ಈ ಕೆಂಪು ಗುಂಡಿ ಒತ್ತಿಬಿಡು. ಎತ್ತಿದ್ರ ಅವತ್ತಿನ ನನ್ನ ಕೂಲಿ ಹೋತು ಅಂತ ತಿಳಕ."

ಮುದುಕಮ್ಮ ಆ ಫೋನನ್ನು ದೇವರ ಗೂಡಿನಲ್ಲಿಟ್ಟಳು. ಬೇರೆ ಯಾರಿಗೂ ಅದರ ನಂಬರು ಕೊಡಲಿಲ್ಲ. ತಿಂಗಳಿಗೊಮ್ಮೆ ಪಕ್ಕದ ಮನೆಯ ಈಶ್ವರನ ದೊಡ್ಡ ಫೋನಿನಲ್ಲಿ ಮಗನ ಮುಖ ನೋಡುತ್ತಿದ್ದಳು. ಗೂಡಿನ ಫೋನು ದಾಟಿದ ಸುದ್ದಿಗೆ ಮಾತ್ರ ಮೀಸಲು. ಅದು ಕೂಗಿದರೆ ಕೈ ಮುಗಿದು, ಕೆಂಪು ಗುಂಡಿ ಒತ್ತಿ, "ದಾಟಿದ. ತಾಟು ಹಾಕವ," ಎನ್ನುವಳು. ಒಮ್ಮೆ ಹುಸೇನಮ್ಮ ಆಸೆಯಿಂದ ಎತ್ತಿದ್ದಕ್ಕೆ ಅತ್ತೆ ಅವಳ ಜೊತೆ ಎರಡು ದಿನ ಮಾತು ಬಿಟ್ಟಿದ್ದಳು.

ಹೀಗೇ ವರ್ಷಗಳು ನಡೆದವು. ಒಂದು ಮಧ್ಯಾಹ್ನ ಗಾಳೆಪ್ಪನ ಟ್ರೇಲರ್ ಸೌದಿಯ ಗಡಿಯಲ್ಲಿ ಉದ್ದನೆಯ ಸಾಲಿನಲ್ಲಿ ನಿಂತಿತ್ತು. ಈಶ್ವರನಿಂದ ಮೆಸೇಜು ಬಂತು. ಅವ್ವನ ಹೊಟ್ಟೆಯೊಳಗೆ ಏನೋ ಒಡೆದಿದೆ, ಹೊಸಪೇಟೆಯಲ್ಲಿ ದವಾಖಾನೆಗೆ ಹಾಕಿದ್ದೇವೆ, ಇವತ್ತೇ ಬಳ್ಳಾರಿಗೆ ಒಯ್ದು ಆಪರೇಷನ್ ಮಾಡಿಸಿದರೆ ಉಳಿಯುತ್ತಾಳೆ ಅನ್ನುತ್ತಾರೆ, ಮಗ ಬಾಯಿಬಿಟ್ಟು ಹೇಳಿದರೆ ಮಾತ್ರ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾಳೆ, ನನಗೆ ಡ್ಯೂಟಿ ಇದೆ, ಗೂಡಿನ ಫೋನು ಅವ್ವನ ಹತ್ತಿರವೇ ಇದೆ, ನೀನು ಅದಕ್ಕೇ ಮಾಡು.

ಗಾಳೆಪ್ಪ ಮಾಡಿದ. ಬ್ಯಾಲೆನ್ಸ್ ಸಾಲದು ಎಂದು ಹೆಣ್ಣುದನಿಯೊಂದು ಅರಬ್ಬಿಯಲ್ಲಿ ಹೇಳಿತು. ಅವನು ಫೋನನ್ನು ಸೀಟಿಗೆ ಬಡಿದು ಬಾಯಿಗೆ ಬಂದಂತೆ ಬೈಯತೊಡಗಿದ. ಹಿಂದಿನ ಟ್ರೇಲರಿನಿಂದ ಟೇಕ್ ಬಹಾದ್ದೂರ್ ಇಳಿದು ಬಂದ. ನೇಪಾಳದವನು, ಮಾತು ಕಮ್ಮಿ. ವಿಷಯ ಕೇಳಿಕೊಂಡು ತನ್ನ ಫೋನು ಕೊಟ್ಟ. ಅವನು ಆಗಷ್ಟೇ ಹೊಸ ನಮೂನೆಯ ಸಿಮ್ಮು ಹಾಕಿಸಿಕೊಂಡಿದ್ದ. ಇದು ಗಡಿಗಿಡಿ ನೋಡುವುದಿಲ್ಲ ಭಾಯ್, ಬೇಕಾದಷ್ಟು ಮಾತಾಡು, ಗಾಡಿ ನಾನು ನೋಡಿಕೊಳ್ಳುತ್ತೇನೆ ಎಂದು ಹಿಂದಿಯಲ್ಲಿ ಹೇಳಿದ. ಸಾಲು ಮುಂದೆ ಸರಿದಾಗಲೆಲ್ಲ ಗಾಳೆಪ್ಪನ ಗಾಡಿ ಹತ್ತಿ ಒಂದಿಷ್ಟು ಮುಂದೆ ಬಿಡುವುದು, ಇಳಿದು ಹಿಂದಕ್ಕೆ ಓಡಿ ತನ್ನದನ್ನು ತರುವುದು. ಆ ಬಿಸಿಲಿನಲ್ಲಿ ಅದನ್ನೇ ಮಾಡುತ್ತಿದ್ದ.

ಗಾಳೆಪ್ಪ ಟ್ರೇಲರಿನ ನೆರಳಿನಲ್ಲಿ ನಿಂತು ಮಾಡಿದ. ರಿಂಗಾಯಿತು. ಕಟ್ಟಾಯಿತು.

ದವಾಖಾನೆಯಲ್ಲಿ ನಡೆದದ್ದನ್ನು ಹುಸೇನಮ್ಮ ಆಮೇಲೆ ಹೇಳಿದಳು. ಮುದುಕಮ್ಮ ದಿಂಬಿನ ಕೆಳಗಿನಿಂದ ಫೋನು ತೆಗೆದು, ಕೆಂಪು ಗುಂಡಿ ಒತ್ತಿ, "ದಾಟಿದ ನೋಡವ," ಎಂದು ಕಣ್ಣು ಮುಚ್ಚಿದಳಂತೆ. ಮತ್ತೆ ರಿಂಗಾಯಿತು, ಮತ್ತೆ ಒತ್ತಿದಳು.

"ಅತ್ತಿ, ಏನೋ ಹೇಳಾಕ ಮಾಡಾಕತ್ಯಾರ. ಎತ್ತೋಣ್ರಿ."

"ಇನ್ನೊಂದು ಗಡಿ ದಾಟಿರ್ತಾನ. ಸುಮ್ಕಿರು."

"ಅಷ್ಟ್ ಜಲ್ದಿ ಯಾವ ಗಡಿ ಬರತೈತ್ರಿ?"

"ನೀ ಯಾವಾಗ ಹೋಗಿ ನೋಡ್ಕಂಡ್ ಬಂದಿ?"

ಅತ್ತ ಗಾಳೆಪ್ಪನ ಕೈಯಲ್ಲಿದ್ದ ಫೋನಿಗೆ ನಡುನಡುವೆ ಬೇರೊಂದು ಕರೆ ಬರುತ್ತಿತ್ತು. ಕರೆದವರ ಹೆಸರು ಹಿಂದಿಯಂಥ ಅಕ್ಷರದಲ್ಲಿ, ಅವನಿಗೆ ಓದಲು ಬರದು. ಬಂದಾಗಲೆಲ್ಲ ಹಲ್ಲು ಕಡಿದು ಕತ್ತರಿಸಿದ. ಒಂದು ಸಲ ಟೇಕ್ ಬಹಾದ್ದೂರ್ ಹತ್ತಿರ ಬಂದು ಏನೋ ಕೇಳಲು ಬಾಯಿ ತೆರೆದ. ಗಾಳೆಪ್ಪ ಕೈ ಅಡ್ಡ ಮಾಡಿದ. ಅವನು ತಿರುಗಿ ಗಾಡಿಯ ಕಡೆ ನಡೆದ.

ಹೊತ್ತು ಇಳಿಯುವ ಸುಮಾರಿಗೆ ಹುಸೇನಮ್ಮ ಅತ್ತೆಯ ಕೈಯಿಂದ ಫೋನು ಕಿತ್ತುಕೊಂಡು ಎತ್ತಿದಳು. "ರೀ, ನೀವ ಹೇಳ್ರಿ. ನಮ್ಮ ಮಾತು ಕೇಳವಲ್ರು," ಎಂದು ಮುದುಕಿಯ ಕಿವಿಗೆ ಹಿಡಿದಳು.

"ಅವ್ವಾ, ನಾನು."

"ಯಪ್ಪಾ, ಯಾಕ ಎತ್ತಿಸ್ದಿ? ರೊಕ್ಕ ಓಡ್ತೈತಿ, ಇಡು."

"ಇಲ್ಲವ್ವಾ, ಈ ಫೋನಿಗೆ ರೊಕ್ಕ ಇಲ್ಲ. ನಾ ಹೇಳಾದು ಕೇಳು, ನೀನು ಬಳ್ಳಾರಿ..."

"ರೊಕ್ಕ ಇಲ್ಲದ್ದು ಯಾವ್ದೈತಪ? ಅವ್ವನ ಮುಂದ ಸುಳ್ಳಾಡಬ್ಯಾಡ. ದಾಟಿದೆಲ್ಲ, ಸಾಕು."

ಅವಳ ಬೆರಳಿಗೆ ಆ ಗುಂಡಿ ಎಲ್ಲಿದೆ ಎಂದು ನೋಡದೆಯೂ ಗೊತ್ತಿತ್ತು. ಒತ್ತಿದಳು. ಆಮೇಲೆ ಫೋನನ್ನು ಸೆರಗಿನೊಳಗೆ ಗಂಟು ಹಾಕಿಕೊಂಡಳು. ಬಿಡಿಸಹೋದ ಸೊಸೆಯ ಕೈಗೆ ಹೊಡೆದಳು. ಕರಕೊಂಡು ಹೋಗಲು ಆಂಬುಲೆನ್ಸಿನವರು ಬಂದರೆ, ಮಗ ಹೇಳಲಿಲ್ಲ, ಬರುವುದಿಲ್ಲ ಎಂದಳು. ಮರುದಿನ ಬೆಳಿಗ್ಗೆ ತೀರಿಕೊಂಡಳು.

ಮಣ್ಣಿಗೆ ಗಾಳೆಪ್ಪನಿಗೆ ಬರಲಾಗಲಿಲ್ಲ. ತಿಥಿಯ ದಿನ ಮಾಡಲು ಬಂದ. ಹೆಂಡತಿ ಹೇಳಿದ್ದನ್ನೆಲ್ಲ ಕೇಳಿ ಒಂದು ಮಾತೂ ಬೈಯಲಿಲ್ಲ. ಅದನ್ನು ಕಂಡೇ ಹುಸೇನಮ್ಮನಿಗೆ ಹೆದರಿಕೆಯಾಯಿತು.

ಲೆಕ್ಕ ಮುಗಿಸಿಕೊಂಡು ಬರಲು ಅವನು ತಿರುಗಿ ದುಬೈಗೆ ಹೋದಾಗ ಟೇಕ್ ಬಹಾದ್ದೂರ್ ಅಲ್ಲಿರಲಿಲ್ಲ. ಕೆಲಸ ಬಿಟ್ಟು ಬೇರೆ ದೇಶಕ್ಕೆ ಹೋಗಿದ್ದ. ಯಾವ ದೇಶ, ಯಾರಿಗೂ ಸರಿಯಾಗಿ ಗೊತ್ತಿಲ್ಲ. ದಿನಾ ಕಂಪನಿಯ ಯಾರ್ಡಿನಲ್ಲಿ ಸಿಗುವವನ ನಂಬರು ಇಟ್ಟುಕೊಳ್ಳಬೇಕೆಂದು ಗಾಳೆಪ್ಪನಿಗೆ ಎಂದೂ ಅನ್ನಿಸಿರಲಿಲ್ಲ. ಯಾರ್ಡಿನ ಅಡುಗೆಯವನು ಇನ್ನೊಂದು ಮಾತು ಹೇಳಿದ. ಗಡಿಯ ಸಾಲಿನಲ್ಲಿ ನಿಂತಿದ್ದ ಆ ಸಂಜೆ ಟೇಕ್ ಬಹಾದ್ದೂರನ ಊರಿನಲ್ಲಿ ಅವನ ಮಗಳಿಗೆ ಹೆಸರಿಡುವುದಿತ್ತಂತೆ. ಅಪ್ಪ ಫೋನಿನಲ್ಲಿ ಹೆಸರು ಕೂಗಲಿ ಎಂದು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮನೆಮಂದಿಯೆಲ್ಲ ಕೂತಿದ್ದರಂತೆ. ಮಾಡಿದ ಕರೆಯೆಲ್ಲ ಕಟ್ಟಾಗುತ್ತ ಹೋಗಿ, ಅಪ್ಪನಿಗೇ ಬೇಡವಾಗಿದೆ ಅಂದುಕೊಂಡು ಅಜ್ಜನೇ ಯಾವುದೋ ಹೆಸರಿಟ್ಟನಂತೆ.

ಹಂಪಿಯ ಹೋಟೆಲುಗಳಲ್ಲಿ ನೇಪಾಳದವರು ಬಹಳ ಮಂದಿ ಕೆಲಸಕ್ಕಿದ್ದಾರೆ. ಪ್ರವಾಸಿಗಳನ್ನು ಇಳಿಸಿದ ಮೇಲೆ ಗಾಳೆಪ್ಪ ಅವರಲ್ಲಿ ಯಾರನ್ನಾದರೂ ನಿಲ್ಲಿಸಿ, ಟ್ರೇಲರ್ ಓಡಿಸುವ ಟೇಕ್ ಬಹಾದ್ದೂರ್ ಗೊತ್ತಾ ಎಂದು ಕೇಳುತ್ತಾನೆ. ಆ ಹೆಸರಿನವರು ನಮ್ಮ ಕಡೆ ಊರಿಗೆ ಹತ್ತು ಮಂದಿ ಇದ್ದಾರೆ ಅಣ್ಣಾ ಎಂದು ಅವರು ನಗುತ್ತಾರೆ. ಅಂಥ ನಗುವಿಗೆ ಮೊದಲಿನ ಗಾಳೆಪ್ಪನಾಗಿದ್ದರೆ ಕೈ ಎತ್ತುತ್ತಿದ್ದ. ಈಗ ಹೋಗಿ ಗಾಡಿಯೊಳಗೆ ಕೂರುತ್ತಾನೆ. ಆ ಹುಡುಗಿ ಈಗ ಶಾಲೆಗೆ ಹೋಗುವಷ್ಟಾಗಿರಬೇಕು. ಅವಳಪ್ಪ ಏನೆಂದು ಕರೆಯಬೇಕು ಅಂದುಕೊಂಡಿದ್ದನೋ, ಕೇಳಿ ತಿಳಿಯಲು ಗಾಳೆಪ್ಪನ ಹತ್ತಿರ ಒಂದು ನಂಬರು ಕೂಡ ಇಲ್ಲ.