ಅತ್ತೆಯ ಮೊದಲ ಸೈಟೇಶನ್

ಮಿತ್ರರೇ, ಎಲ್ಲರೂ ಎದ್ದು ನಿಂತು ಓದತಕ್ಕದ್ದು. ಉಪ್ಪಾರಹಳ್ಳಿಯ ನಮ್ಮ ಮನೆಗೆ ಇವತ್ತು ಬೆಳಗ್ಗೆ ಒಂದು ಸೈಟೇಶನ್ ಬಂತು. ಅಂದ್ರೆ, ಪೆಥಾಲಜಿಸ್ಟ್ ಆಗಿರೋ ನನ್ನ ಸೋದರತ್ತೆ ಥೈರಾಯ್ಡ್ ಗಂಟಿನ ಬಗ್ಗೆ ಬರೆದ ಪೇಪರನ್ನು ಯಾರೋ ಮೊದಲ ಸಲ ತಮ್ಮ ಪೇಪರಲ್ಲಿ ಹೆಸರಿಸಿದ್ದಾರೆ. ಅತ್ತೆಯ ಪ್ರಮೋಶನ್ ಫಾರ್ಮಿನಲ್ಲಿ "ಸೈಟೇಶನ್ ಎಷ್ಟು" ಅನ್ನೋ ಕಾಲಂ ಇಷ್ಟು ದಿನ ಖಾಲಿ ಇತ್ತು. ನಾನು ಗಂಭೀರವದನನಾಗಿ ಸೇವಂತಿಗೆ ಹಾರ ತಂದೆ.

ಅತ್ತೆ ಕನ್ನಡಕ ಏರಿಸಿ ಆ ಪೇಪರ್ ಓದಿದ್ರು. "ಹಾರ ಕೆಳಗಿಡೋ. ನಾನು ಹಾಕಿರೋ ಮೂರನೇ ಫೋಟೋ ಬೇರೆ ಯಾವುದೋ ಗಂಟಿಂದು ಅಂತ ಬರ್ದಿದಾರೆ ಕಣೋ."

"ಬಿಡಿ ಅತ್ತೆ, ಎಷ್ಟು ಜನ ಹೆಸರಿಸಿದ್ರು ಅಂತ ತಾನೇ ಫಾರ್ಮಲ್ಲಿ ಕೇಳೋದು? ಹೊಗಳಿದ್ರಾ ಬೈದ್ರಾ ಅಂತ ಅಲ್ವಲ್ಲ!"

"ಮೊದ್ಲು ಸ್ಲೈಡ್ ನೋಡ್ತೀನಿ, ಆಮೇಲೆ ಫಾರ್ಮು. ಗಾಡಿ ತೆಗಿ."

ಭಾನುವಾರ, ಸ್ವಾಮಿ! ಅತ್ತೆ ಲ್ಯಾಬಲ್ಲಿ ಆ ಗಂಟಿನ ಹಳೇ ಸ್ಲೈಡು ಹುಡುಕಿ, ಮಧ್ಯಾಹ್ನದವರೆಗೂ ಮೈಕ್ರೋಸ್ಕೋಪಿಂದ ತಲೆ ಎತ್ತಲಿಲ್ಲ. ಕೊನೆಗೆ, "ಅವ್ರು ಹೇಳಿದ್ದೇ ಸರಿ. ಫೋಟೋ ಅದಲುಬದಲಾಗಿದೆ" ಅಂದವರೇ, ಅಲ್ಲೇ ಕೂತು ತಿದ್ದುಪಡಿ ಬರೆದು ಜರ್ನಲ್ಲಿಗೆ ಕಳಿಸಿದ್ರು. ಅದರಲ್ಲಿ ಆ ಪುಣ್ಯಾತ್ಮರ ಪೇಪರಿನ ಹೆಸರು ಹಾಕಿ ಧನ್ಯವಾದ ಬೇರೆ.

ಅಂದ್ರೆ ತಪ್ಪು ಹಿಡಿದ ಅವರಿಗೂ ಒಂದು ಸೈಟೇಶನ್ ಗ್ಯಾರಂಟಿ. ನಮ್ಮ ಫಾರ್ಮಿನಲ್ಲಿ ಅತ್ತೆ "ಒಂದು" ಅಂತ ಬರೆದು, ಪಕ್ಕದಲ್ಲಿ "ತಪ್ಪು ತೋರಿಸಿದ್ದಕ್ಕೆ" ಅಂತಲೂ ಸೇರಿಸಿದ್ದಾರೆ. ಗಾಡೀಲಿ ಹಾಕ್ಕೊಂಡು ಬಂದಿದ್ದ ಹಾರವನ್ನು ನಾನು ಮೈಕ್ರೋಸ್ಕೋಪಿಗೆ ಹಾಕಿ ಬಂದೆ. ಅದಾದ್ರೂ ಬೇಡ ಅನ್ನಲಿಲ್ಲ.